ಸೊಸೆಯ ಕಾಗದ ಸೊಸೆಯ ಕೈಯಲ್ಲಿರಲಿ

ನಮ್ಮ ಕರಾವಳಿಯ ಮಕ್ಕಳು ಹುಟ್ಟಿದೂರಿನಲ್ಲೇ ನೆಲೆನಿಲ್ಲುವವರಲ್ಲ. ಒಂದು ಕಾಲಕ್ಕೆ ಮುಂಬಯಿಯ ಹೋಟೆಲುಗಳಿಗೆ ಹೋದರು. ಆಮೇಲೆ ದುಬಾಯಿ, ಕುವೈತ್, ಬಹರೈನುಗಳ ದಾರಿ ಹಿಡಿದರು. ಶಂಕರಪುರ, ಕಟಪಾಡಿ, ಶಿರ್ವ, ಕಾಪು ಕಡೆಯ ಮನೆಗಳಲ್ಲಿ ಹೊರದೇಶದ ಸಂಪಾದನೆಯ ಸುಳಿವಿಲ್ಲದ ಮನೆ ಕಡಿಮೆ. ಹೀಗೆ ಹೋದವರಲ್ಲಿ ಕೆಲವರು ಜತೆಯಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳನ್ನು ಮೆಚ್ಚಿ ಮದುವೆಯಾಗುವುದುಂಟು. ಅವಳು ಫಿಲಿಪೈನ್ಸಿನವಳಿರಬಹುದು, ಶ್ರೀಲಂಕೆಯವಳಿರಬಹುದು, ನೇಪಾಳದವಳಿರಬಹುದು. ಮನೆಯವರು ಮೊದಮೊದಲು ಮುಖ ಸಿಂಡರಿಸಿದರೂ ಕೊನೆಗೆ ಮಲ್ಲಿಗೆ ಮುಡಿಸಿ ಒಳಗೆ ಕರೆದುಕೊಳ್ಳುತ್ತಾರೆ. ಮನೆ ಅವಳನ್ನು ಸೊಸೆಯೆಂದು ಕರೆಯುತ್ತದೆ. ಸರಕಾರದ ಪುಸ್ತಕ ಮಾತ್ರ ಅವಳನ್ನು ವಿದೇಶೀಯಳೆಂದು ಬರೆದುಕೊಳ್ಳುತ್ತದೆ. ಈ ಎರಡು ಹೆಸರುಗಳ ನಡುವಿನ ದಾರಿ ಎಷ್ಟು ಉದ್ದ, ಅದರಲ್ಲಿ ಎಲ್ಲೆಲ್ಲಿ ಗುಂಡಿಗಳಿವೆ ಎಂಬುದನ್ನು ಈ ವಾರ ನಮ್ಮ ವಾಚಕರ ಮುಂದಿಡುವುದು ಅವಶ್ಯವೆಂದು ತೋರುತ್ತದೆ.

ಹಂಚಿನ ಕಾರ್ಖಾನೆಯ ಮತ್ತು ಗೇರುಬೀಜ ಕಾರ್ಖಾನೆಯ ಕೆಲಸಗಾರರಿಗೆ, ಸಣ್ಣ ಅಂಗಡಿಕಾರರಿಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಹಣವಂತನಿಗೆ ಈ ದಾರಿ ಕಷ್ಟದ್ದಲ್ಲ. ಅವನು ವಕೀಲನನ್ನು ಗೊತ್ತುಮಾಡುತ್ತಾನೆ, ವಕೀಲ ಕಾಗದ ನೋಡಿಕೊಳ್ಳುತ್ತಾನೆ. ದಿನಗೂಲಿಯ ಮೇಲೆ ಬದುಕುವವನು ಕಚೇರಿಯ ಬಾಗಿಲಿಗೆ ಒಂದು ಸಲ ಹೋದರೆ ಒಂದು ದಿನದ ಕೂಲಿ ಹೋಯಿತು. ಮಲ್ಲಿಗೆ ಕಟ್ಟುವ ಮನೆಯವರು ಒಂದು ಬೆಳಗ್ಗೆ ಉಡುಪಿಯ ಬಸ್ಸು ಹಿಡಿದರೆ ಆ ದಿನದ ಮೊಗ್ಗು ಗಿಡದಲ್ಲೇ ಅರಳಿತು. ಅರಳಿದ ಹೂವಿಗೆ ಅಟ್ಟೆಯ ಬೆಲೆ ಬರುವುದಿಲ್ಲ. "ನಾಳೆ ಬನ್ನಿ" ಎಂಬ ಮಾತು ಹೇಳುವವನಿಗೆ ಪುಕ್ಕಟೆ, ಕೇಳುವವನಿಗೆ ಅಲ್ಲ.

ಕಾಗದದ ಬೆಲೆ ಏನೆಂಬುದು ನಮ್ಮ ಜನಕ್ಕೆ ಹೊಸದಾಗಿ ಕಲಿಸಬೇಕಾದ ಪಾಠವೂ ಅಲ್ಲ. ಬೀಡಿ ಕಟ್ಟುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ೧೯೭೬ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯಿದೆ ಬಂತು. ಆದರೆ ಗುರುತಿನ ಚೀಟಿ ಇದ್ದವಳಿಗೆ ಮಾತ್ರ ಮಗುವಿನ ವಿದ್ಯಾರ್ಥಿವೇತನ, ಔಷಧದ ಸಹಾಯ. ಚೀಟಿ ಇಲ್ಲದವಳು ವರ್ಷಗಟ್ಟಲೆ ಸೂಪು ಹಿಡಿದು ಕೂತಿದ್ದರೂ ಸರಕಾರದ ಲೆಕ್ಕಕ್ಕೆ ಬೀಡಿ ಕಟ್ಟಿದವಳೇ ಅಲ್ಲ. ನಮ್ಮ ನೆರೆಯ ಸುಳ್ಯ, ಪುತ್ತೂರುಗಳ ಸಂಗತಿಯನ್ನೂ ನೆನೆಯಬಹುದು. ೧೯೬೪ರ ಅಕ್ಟೋಬರಿನಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಅವರ ನಡುವೆ ಆದ ಒಪ್ಪಂದದ ಪ್ರಕಾರ ಸಿಂಹಳದ ಚಹಾ ತೋಟಗಳಿಂದ ಬಂದ ತಮಿಳು ಕೂಲಿಕಾರರನ್ನು ಅಲ್ಲಿಯ ರಬ್ಬರು ತೋಟಗಳಲ್ಲಿ ನೆಲೆಗೊಳಿಸಿದರು. ಅವರು ಕದ್ದು ಬಂದವರಲ್ಲ. ಎರಡು ಸರಕಾರಗಳು ಕೈಕುಲುಕಿ ಕರೆತಂದವರು. ಅಷ್ಟಾದರೂ ಒಂದು ಜಾತಿ ಪ್ರಮಾಣಪತ್ರಕ್ಕಾಗಿ ಅವರ ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆದರು. ಸರಕಾರವೇ ಕರೆತಂದವರ ಗತಿ ಇದಾದರೆ, ತಾಳಿಯೊಂದನ್ನೋ ಉಂಗುರವೊಂದನ್ನೋ ನೆಚ್ಚಿ ಒಬ್ಬಳೇ ಬಂದವಳ ಗತಿ ಏನು?

ಹೀಗಿರುವಲ್ಲಿ, ಮೊದಲು ದಾರಿಯನ್ನು ತಿಳಿದುಕೊಳ್ಳೋಣ. ಇಲ್ಲಿ ಸೊಸೆಯೆಂದು ಹೇಳಿದ್ದೆಲ್ಲ ನಮ್ಮ ಮಗಳನ್ನು ಮದುವೆಯಾಗಿ ಬರುವ ಪರದೇಶದ ಅಳಿಯನಿಗೂ ಅನ್ವಯಿಸುತ್ತದೆ.

ಮೊದಲನೆಯದು ಮದುವೆಯ ದಾಖಲೆ. ಗುಡಿಯಲ್ಲಿ, ಇಗರ್ಜಿಯಲ್ಲಿ, ಮಸೀದಿಯಲ್ಲಿ ಎಷ್ಟೇ ಸಂಭ್ರಮದಿಂದ ಮದುವೆಯಾದರೂ ಸರಕಾರದ ಕಚೇರಿಗೆ ಬೇಕಾದ್ದು ನೋಂದಣಿಯ ಪ್ರಮಾಣಪತ್ರ. ಎಲ್ಲ ಮತದವರ ಮದುವೆಗಳನ್ನೂ ಕಡ್ಡಾಯವಾಗಿ ನೋಂದಾಯಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ೨೦೦೬ರ ಫೆಬ್ರವರಿ ೧೪ರಂದು ನಿರ್ದೇಶನ ಕೊಟ್ಟಿದೆ. ಗಂಡು ಹೆಣ್ಣು ಬೇರೆ ಬೇರೆ ಮತದವರಾದರೆ ಸಾಮಾನ್ಯವಾಗಿ ೧೯೫೪ರ ವಿಶೇಷ ವಿವಾಹ ಕಾಯಿದೆಯ ಆಶ್ರಯ ಬೇಕಾಗುತ್ತದೆ. ಅದರಂತೆ ಇಬ್ಬರಲ್ಲೊಬ್ಬರು ಜಿಲ್ಲೆಯಲ್ಲಿ ಕಡಿಮೆಯೆಂದರೆ ೩೦ ದಿನ ವಾಸವಾಗಿರಬೇಕು. ಅನಂತರ ನೋಟೀಸು ಕೊಟ್ಟು ಇನ್ನೂ ೩೦ ದಿನ ಕಾಯಬೇಕು. ಕೊಲ್ಲಿಯಿಂದ ಒಂದು ತಿಂಗಳ ರಜೆಯ ಮೇಲೆ ಬಂದ ಹುಡುಗನ ರಜೆ ಈ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಅಂಥವರಿಗೆ ಇನ್ನೊಂದು ದಾರಿಯಿದೆ. ೧೯೬೯ರ ವಿದೇಶೀ ವಿವಾಹ ಕಾಯಿದೆಯ ಪ್ರಕಾರ, ಇಬ್ಬರಲ್ಲೊಬ್ಬರು ಭಾರತದ ಪ್ರಜೆಯಾಗಿದ್ದರೆ, ಹೊರದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯ ಅಧಿಕಾರಿಯ ಮುಂದೆಯೇ ಮದುವೆಯಾಗಬಹುದು. ಇನ್ನು ಆ ದೇಶದ ಕಾನೂನಿನಂತೆ ಅಲ್ಲಿ ಮದುವೆಯಾಗಿ ಬಂದವರು ಅಲ್ಲಿಯ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ ಎಂಬ ಮುದ್ರೆ ಹಾಕಿಸಿಕೊಂಡೇ ವಿಮಾನ ಹತ್ತಬೇಕು. ೨೦೦೫ರಿಂದ ಭಾರತವೂ ಆ ಒಪ್ಪಂದದಲ್ಲಿ ಸೇರಿದೆ. ಸೇರದ ದೇಶವಾದರೆ ಅಲ್ಲಿರುವ ನಮ್ಮ ರಾಯಭಾರ ಕಚೇರಿಯ ದೃಢೀಕರಣ ಬೇಕು. ಊರಿಗೆ ಬಂದ ಮೇಲೆ ಆ ಒಂದು ಮುದ್ರೆಗಾಗಿ ತಿರುಗಿ ಸಮುದ್ರ ದಾಟುವುದು ಯಾರಿಗೆ ಸಾಧ್ಯ?

ಎರಡನೆಯದು ವೀಸಾ. ಪ್ರವಾಸಿಯ ವೀಸಾದ ಮೇಲೆ ಬಂದವಳು ಊರು ನೋಡಲು ಬಂದವಳೆಂದು ಸರಕಾರ ತಿಳಿಯುತ್ತದೆಯೇ ಹೊರತು ಸಂಸಾರ ಹೂಡಲು ಬಂದವಳೆಂದಲ್ಲ. ಭಾರತೀಯನ ಹೆಂಡತಿಗೆಂದೇ ಪ್ರವೇಶ ವೀಸಾ ಎಂಬುದಿದೆ. ಅದನ್ನು ಪಡೆದೇ ಬರುವುದು ಜಾಣತನ. ೧೮೦ ದಿನಗಳಿಗೆ ಮೀರಿದ ವೀಸಾ ಇದ್ದವರು ಬಂದಿಳಿದ ೧೪ ದಿನಗಳೊಳಗೆ ವಿದೇಶೀಯರ ನೋಂದಣಿ ಅಧಿಕಾರಿಯಲ್ಲಿ ಹೆಸರು ಬರೆಸಬೇಕು. ಬೆಂಗಳೂರಿನಲ್ಲಿ ಇದಕ್ಕೆ ಪ್ರತ್ಯೇಕ ಪ್ರಾದೇಶಿಕ ಕಚೇರಿಯಿದೆ. ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಜಿಲ್ಲಾ ಪೊಲೀಸ್ ವರಿಷ್ಠರೇ ಆ ಅಧಿಕಾರಿ. ೨೦೧೮ರಿಂದ ಈ ಅರ್ಜಿಯನ್ನು ಇಂಟರ್‌ನೆಟ್ಟಿನ ಮೂಲಕವೇ ಹಾಕುವ ಏರ್ಪಾಟು ಬಂದಿದೆ. ನಾನೂರು ಕಿಲೋಮೀಟರು ದೂರದ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯುವ ಕಷ್ಟ ಇದರಿಂದ ತಪ್ಪಿದ್ದು ನಿಜ, ಅದನ್ನು ಮೆಚ್ಚಬೇಕು. ಆದರೆ ಫಾರಮು ಇಂಗ್ಲಿಷಿನಲ್ಲಿದೆ. ಕಾಗದಗಳನ್ನೆಲ್ಲ ಸ್ಕ್ಯಾನು ಮಾಡಿ, ಇಷ್ಟೇ ಅಳತೆಯ ಫೋಟೋ ಸೇರಿಸಿ, ಇಮೇಲಿಗೆ ಬರುವ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅತ್ತೆಗೆ ಇಂಗ್ಲಿಷು ಬಾರದು, ಸೊಸೆಗೆ ಕನ್ನಡ ಬಾರದು, ಮಗ ದುಬಾಯಿಯಲ್ಲಿ. ಇಂಥ ಮನೆಯವರು ಸೈಬರ್ ಅಂಗಡಿಯವನು ಕೇಳಿದಷ್ಟು ಕೊಟ್ಟು ಅವನು ತುಂಬಿದ್ದನ್ನೇ ಸರಿಯೆಂದು ನಂಬಬೇಕಾಗುತ್ತದೆ.

ಮೂರನೆಯದು ಆಧಾರ್. ಬಂದ ಮಾರನೆಯ ದಿನವೇ ಆಧಾರ್ ಮಾಡಿಸಲು ಹೊರಡುವವರುಂಟು. ಅದು ಆಗದು. ಅರ್ಜಿ ಹಾಕುವ ದಿನದ ಹಿಂದಿನ ೧೨ ತಿಂಗಳಲ್ಲಿ ೧೮೨ ದಿನ ಇಲ್ಲಿ ವಾಸವಾಗಿದ್ದ ವಿದೇಶೀಯರಿಗೆ ಮಾತ್ರ ಅದು ಸಿಗುತ್ತದೆ. ಅವರಿಗೆಂದೇ ಬೇರೆ ಫಾರಮು ಇದೆ. ಹೊಸದಾಗಿ ಹೆಸರು ಬರೆಸಲು ಶುಲ್ಕವಿಲ್ಲ. ಹೀಗೆ ಕೊಟ್ಟ ಆಧಾರಿನ ಆಯುಷ್ಯ ವೀಸಾದ ಆಯುಷ್ಯದಷ್ಟೇ. ನೇಪಾಳ, ಭೂತಾನದವರಿಗೆ ೧೦ ವರ್ಷವೆಂದಿದೆ. ಇಲ್ಲಿ ಒಂದು ಮಾತನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು. ಆಧಾರ್ ಎಂದರೆ ವಾಸದ ಗುರುತು, ಪೌರತ್ವದ ಸಾಕ್ಷಿಯಲ್ಲ. ೨೦೧೬ರ ಆಧಾರ್ ಕಾಯಿದೆಯೇ ಹಾಗೆ ಹೇಳುತ್ತದೆ.

ನಾಲ್ಕನೆಯದು, ಸಾಗರೋತ್ತರ ಪ್ರಜೆ ಎಂಬ ಚೀಟಿ. ಓಸಿಐ ಎಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಮದುವೆ ನೋಂದಣಿಯಾಗಿ, ಎರಡು ವರ್ಷ ಎಡೆಬಿಡದೆ ಉಳಿದುಬಂದಿದ್ದರೆ ಅದಕ್ಕೆ ಅರ್ಜಿ ಹಾಕಬಹುದು. ಪಾಕಿಸ್ತಾನ, ಬಾಂಗ್ಲಾದೇಶಗಳ ಮೂಲದವರಿಗೆ ಇದಿಲ್ಲ. ಅದು ಕೈಗೆ ಬಂದರೆ ವೀಸಾ ನವೀಕರಣದ ಓಡಾಟ ನಿಲ್ಲುತ್ತದೆ. ಮತದಾನದ ಹಕ್ಕು ಬರುವುದಿಲ್ಲ. ಐದನೆಯದು ಮತ್ತು ಕೊನೆಯದು ಪೌರತ್ವ. ೧೯೫೫ರ ಪೌರತ್ವ ಕಾಯಿದೆಯ ೫ನೆಯ ಕಲಮಿನ ಪ್ರಕಾರ, ಭಾರತದ ಪ್ರಜೆಯನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ವಾಸವಾಗಿದ್ದವರು ಅರ್ಜಿ ಹಾಕಬಹುದು. ಅರ್ಜಿಗೆ ಮುಂಚಿನ ೧೨ ತಿಂಗಳು ಪೂರಾ ಇಲ್ಲಿಯೇ ಇರಬೇಕು. ವಿಶೇಷ ಕಾರಣವಿದ್ದರೆ ಕೇಂದ್ರ ಸರಕಾರ ೩೦ ದಿನಗಳವರೆಗೆ ವಿನಾಯಿತಿ ಕೊಡಬಹುದು. ತಾಯಿಯ ಕಾಯಿಲೆಯೆಂದು ಆ ವರ್ಷ ಎರಡು ತಿಂಗಳು ತವರಿಗೆ ಹೋಗಿಬಂದವಳು ಮತ್ತೆ ವರ್ಷ ಎಣಿಸಬೇಕು. ನೇಪಾಳದ ಸೊಸೆಗೆ, ೧೯೫೦ರ ಒಪ್ಪಂದದ ಬಲದಿಂದ, ಇಲ್ಲಿ ವಾಸಿಸಲು ವೀಸಾ ಬೇಡ. ಆದರೆ ಪೌರತ್ವ ಬೇಕಾದರೆ ಅವಳಿಗೂ ಇದೇ ಏಳು ವರ್ಷದ ದಾರಿ. ನಮ್ಮ ದೇಶದಲ್ಲಿ ಎರಡು ಪೌರತ್ವ ನಡೆಯುವುದಿಲ್ಲವಾದುದರಿಂದ ಹಳೆಯದನ್ನು ಬಿಡಬೇಕಾಗುತ್ತದೆ. ಆದರೆ ಭಾರತ ಸರಕಾರದಿಂದ ಒಪ್ಪಿಗೆಯ ಕಾಗದ ಬರುವ ಮುಂಚೆ ಅವಸರದಿಂದ ಹಳೆಯ ಪಾಸ್‌ಪೋರ್ಟನ್ನು ಬಿಟ್ಟುಕೊಟ್ಟವಳು ಎರಡು ದೇಶಗಳ ನಡುವೆ ಯಾವ ದೇಶಕ್ಕೂ ಸೇರದವಳಾಗುತ್ತಾಳೆ ಎಂಬ ಎಚ್ಚರ ಇರಲಿ.

ದಾರಿ ಇಷ್ಟು. ಈಗ ಗುಂಡಿಗಳನ್ನು ನೋಡೋಣ.

ಮೊದಲನೆಯದು ತಾರೀಖು ಮೀರುವುದು. ೨೦೨೫ರ ಸೆಪ್ಟೆಂಬರ್ ೧ರಿಂದ ವಲಸೆ ಮತ್ತು ವಿದೇಶೀಯರ ಕಾಯಿದೆ ಎಂಬ ಹೊಸ ಕಾನೂನು ಜಾರಿಗೆ ಬಂದಿದೆ. ೧೯೨೦, ೧೯೩೯, ೧೯೪೬ ಮತ್ತು ೨೦೦೦ದ ನಾಲ್ಕು ಹಳೆಯ ಕಾಯಿದೆಗಳು ಹೋಗಿ ಅವುಗಳ ಜಾಗಕ್ಕೆ ಇದೊಂದೇ ಬಂತು. ಇದರ ಪ್ರಕಾರ ವೀಸಾದ ಅವಧಿ ಮೀರಿ ನಿಂತವರಿಗೆ ಮೂರು ವರ್ಷದವರೆಗೆ ಸಜೆ ಅಥವಾ ಮೂರು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಸಜೆ ದಂಡಗಳಿಗಿಂತಲೂ ಹೆಚ್ಚಿನದೊಂದು ಅಪಾಯವನ್ನು ನಮ್ಮ ಜನ ತಿಳಿದೇ ಇಲ್ಲ. ೨೦೦೪ರ ಡಿಸೆಂಬರ್ ೩ರಂದು ಮತ್ತು ಆ ಮೇಲೆ ಭಾರತದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಭಾರತೀಯನಾಗಬೇಕಾದರೆ, ತಂದೆ ತಾಯಿ ಇಬ್ಬರೂ ಭಾರತೀಯರಿರಬೇಕು. ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ವೀಸಾ ತೀರಿದ ಮೇಲೂ ಉಳಿದವಳನ್ನು ಅಕ್ರಮ ವಲಸಿಗಳೆಂದೇ ಆ ಕಾಯಿದೆ ಕರೆಯುತ್ತದೆ. ಎಂದರೆ, ಶಂಕರಪುರದ ಮನೆಯಲ್ಲಿ ಶಂಕರಪುರದ ತಂದೆಗೆ ಹುಟ್ಟಿದ ಕೂಸು, ತಾಯಿಯ ಕಾಗದದ ತಾರೀಖು ತಪ್ಪಿದ ಕಾರಣಕ್ಕೆ, ತನ್ನ ಹುಟ್ಟೂರಿನಲ್ಲೇ ಪರದೇಶಿಯಾಗಬಹುದು! ಗಂಡ ಮರೆತ, ಗುಮಾಸ್ತ ತಡಮಾಡಿದ, ದಲ್ಲಾಳಿ ಸುಳ್ಳು ಹೇಳಿದ. ಶಿಕ್ಷೆ ಮಾತ್ರ ತೊಟ್ಟಿಲಲ್ಲಿದ್ದವನಿಗೆ. ಇದಕ್ಕೆ ನ್ಯಾಯವೆಂದು ಹೆಸರೇ?

ಎರಡನೆಯದು ದಲ್ಲಾಳಿ. "ಇಷ್ಟೆಲ್ಲ ಯಾಕೆ ಅಲೆಯುತ್ತೀರಿ? ಇಷ್ಟು ರೂಪಾಯಿ ಕೊಡಿ, ಆಧಾರ್, ರೇಶನ್ ಕಾರ್ಡು, ಓಟಿನ ಚೀಟಿ ಎಲ್ಲಾ ಮಾಡಿಸಿಕೊಡುತ್ತೇನೆ, ಊರಿನ ಹುಡುಗಿಯೆಂದೇ ಬರೆಸಿದರಾಯಿತು" ಎನ್ನುವವನು ಎಲ್ಲ ಪೇಟೆಯಲ್ಲೂ ಇದ್ದಾನೆ. ವಾಚಕರೇ, ಇವನನ್ನು ಅಂಗಡಿಯ ಮೆಟ್ಟಿಲು ಹತ್ತಲು ಬಿಡಬೇಡಿ. ಮತದಾರರ ಪಟ್ಟಿಯಲ್ಲಿ ಹೆಸರು ಇರತಕ್ಕದ್ದು ಭಾರತದ ಪ್ರಜೆಗೆ ಮಾತ್ರ. ಪ್ರಜೆಯಲ್ಲದವರು ಸುಳ್ಳು ಹೇಳಿಕೆ ಬರೆದು ಹೆಸರು ಸೇರಿಸಿದರೆ ೧೯೫೦ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಒಂದು ವರ್ಷದವರೆಗೆ ಸಜೆಯಾಗಬಹುದು. ನಕಲಿ ಪಾಸ್‌ಪೋರ್ಟು, ನಕಲಿ ವೀಸಾಗಳಿಗಾದರೆ ಹೊಸ ಕಾಯಿದೆಯಲ್ಲಿ ಎರಡರಿಂದ ಏಳು ವರ್ಷ ಸಜೆ, ಒಂದು ಲಕ್ಷದಿಂದ ಹತ್ತು ಲಕ್ಷದವರೆಗೆ ದಂಡ. ೨೦೨೪ರ ಅಕ್ಟೋಬರಿನಲ್ಲಿ ನಮ್ಮ ಮಲ್ಪೆಯಲ್ಲೇ, ನಕಲಿ ಆಧಾರ್ ಇಟ್ಟುಕೊಂಡಿದ್ದರೆಂಬ ಆರೋಪದ ಮೇಲೆ ಬಾಂಗ್ಲಾದೇಶದ ಕೂಲಿಕಾರರನ್ನು ಪೊಲೀಸರು ಬಂಧಿಸಿದ್ದನ್ನು ಎಲ್ಲರೂ ಓದಿದ್ದಾರೆ. ನೆಟ್ಟಗೆ ಮದುವೆಯಾಗಿ ನೆಟ್ಟಗೆ ಬಂದ ಸೊಸೆಗೆ ಇಂಥ ಕಾಗದದ ಅಗತ್ಯವೇನು? ಏಳು ವರ್ಷ ಕಾದು ಹಕ್ಕಿನಿಂದ ಪಡೆಯಬಹುದಾದ ಪೌರತ್ವವನ್ನು ಅವಳು ದಲ್ಲಾಳಿಯ ಒಂದು ಓಟಿನ ಚೀಟಿಯಿಂದ ಕಳೆದುಕೊಳ್ಳಬಹುದು.

ಮೂರನೆಯ ಗುಂಡಿ ಎಲ್ಲಕ್ಕಿಂತ ಆಳವಾದದ್ದು. ಅದನ್ನು ತೋಡಿದ್ದು ಸ್ವತಃ ಕಾನೂನು. ೧೯೫೫ರಲ್ಲಿ ಪೌರತ್ವ ಕಾಯಿದೆ ಬಂದಾಗ, ಭಾರತೀಯನನ್ನು ಮದುವೆಯಾಗಿರುವ ಅಥವಾ ಹಿಂದೆ ಮದುವೆಯಾಗಿದ್ದ ಹೆಂಗಸರು ಎಂದು ಅದರಲ್ಲಿತ್ತು. ೧೯೮೬ರ ತಿದ್ದುಪಡಿಯಲ್ಲಿ ಗಂಡಸರಿಗೂ ಅದು ಅನ್ವಯಿಸಿತು, ಜತೆಗೆ ಐದು ವರ್ಷದ ವಾಸವೂ ಬೇಕೆಂದಾಯಿತು. ಆದರೆ ಹಿಂದೆ ಮದುವೆಯಾಗಿದ್ದವರು ಎಂಬ ಮಾತು ಉಳಿದಿತ್ತು. ೨೦೦೩ರ ತಿದ್ದುಪಡಿಯಲ್ಲಿ ಐದು ಏಳಾಯಿತು. ಹಿಂದೆ ಮದುವೆಯಾಗಿದ್ದವರು ಎಂಬ ಆ ಮಾತು ಕಳಚಿಬಿತ್ತು. ಈಗ ಕಲಮಿನಲ್ಲಿರುವುದು ಮದುವೆಯಾಗಿರುವ ವ್ಯಕ್ತಿ ಎಂದಷ್ಟೆ. ಎರಡು ಮೂರು ಶಬ್ದಗಳ ಮಾತಿದು. ಆದರೆ ಆರು ವರ್ಷ ಸಂಸಾರ ಮಾಡಿದವಳ ಗಂಡ ದೋಣಿ ಮುಗುಚಿ ಸತ್ತನೆಂದಿಟ್ಟುಕೊಳ್ಳಿ. ಅಥವಾ ಗಂಡ ಅವಳನ್ನು ಬಿಟ್ಟನೆಂದಿಟ್ಟುಕೊಳ್ಳಿ. ೧೯೫೫ರ ಕಾನೂನಿನಲ್ಲಿ ಅವಳಿಗೆ ತೆರೆದಿದ್ದ ಬಾಗಿಲು ಇಂದು ಮುಚ್ಚಿದೆ. ಓಸಿಐ ಚೀಟಿಯ ಕಥೆಯೂ ಹೀಗೆಯೇ. ನ್ಯಾಯಾಲಯದಿಂದಾಗಲಿ ಬೇರೆ ರೀತಿಯಿಂದಾಗಲಿ ಮದುವೆ ಮುರಿದರೆ, ಹೆಂಡತಿಯಾಗಿ ಪಡೆದ ಆ ಚೀಟಿಯನ್ನು ರದ್ದುಮಾಡುವ ಅಧಿಕಾರ ೨೦೧೫ರ ತಿದ್ದುಪಡಿಯಿಂದ ಸರಕಾರಕ್ಕೆ ಬಂದಿದೆ.

ಹಾಗಾದರೆ ಅವಳಿಗೆ ಉಳಿದದ್ದೇನು? ದೇಶೀಕರಣವೆಂಬ ಸುತ್ತುದಾರಿ. ಅದಕ್ಕೆ ಒಟ್ಟು ೧೨ ವರ್ಷದ ವಾಸ ಬೇಕು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಒಂದು ಭಾಷೆ ಚೆನ್ನಾಗಿ ಬರಬೇಕು. ನಮ್ಮೂರಿಗೆ ಬಂದ ಸೊಸೆ ಮೊದಲು ಕಲಿಯುವುದು ತುಳು. ಅತ್ತೆಯೊಡನೆ ತುಳು, ಮೀನು ಮಾರುವವಳೊಡನೆ ತುಳು, ಹೂವಿನ ಅಂಗಡಿಯಲ್ಲಿ ತುಳು. ಅದು ಎಂಟನೆಯ ಅನುಸೂಚಿಯಲ್ಲಿಲ್ಲ! ಕನ್ನಡ ಉಂಟು, ೧೯೯೨ರಿಂದ ಕೊಂಕಣಿಯೂ ಉಂಟು. ಹನ್ನೆರಡು ವರ್ಷ ಈ ಊರಿನ ಮಾತಾಡಿ ಈ ಊರಿನವಳೇ ಆದವಳು ಆ ಕಾಗದದ ಮುಂದೆ ಮೂಕಿಯಾಗುತ್ತಾಳೆ. ಆದುದರಿಂದ ಸೊಸೆಗೆ ಕನ್ನಡದ ಅಕ್ಷರವನ್ನೂ ಬಂದ ವರ್ಷದಿಂದಲೇ ಕಲಿಸಿರಿ ಎಂದು ನಾವು ಮನೆಮನೆಯವರಿಗೆ ಹೇಳುತ್ತೇವೆ.

ಈ ಎಲ್ಲ ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ನಿಜ ಎದ್ದುಕಾಣುತ್ತದೆ. ಪರದೇಶದಿಂದ ಬಂದ ಸೊಸೆಯ ಇರವು ಏಳು ವರ್ಷಗಳವರೆಗೆ ಗಂಡನ ಉಸಿರಿನ ಮೇಲೆ, ಗಂಡನ ರುಜುವಿನ ಮೇಲೆ ನಿಂತಿದೆ. ವೀಸಾ ನವೀಕರಣಕ್ಕೆ ಗಂಡನ ಹೊಣೆಪತ್ರ ಬೇಕು. ವಾಸದ ದಾಖಲೆಗೆ ಗಂಡನ ಮನೆ ಬೇಕು. ಒಳ್ಳೆಯ ಗಂಡನಾದರೆ ಚಿಂತೆಯಿಲ್ಲ. ಕುಡಿದು ಬಂದು ಹೊಡೆಯುವ ಗಂಡನಾದರೆ? "ರುಜು ಹಾಕುವುದಿಲ್ಲ, ನಿನ್ನ ದೇಶಕ್ಕೆ ಹೋಗು, ಮಕ್ಕಳನ್ನು ಇಲ್ಲಿ ಬಿಡು" ಎಂಬ ಒಂದು ಬೆದರಿಕೆ ಸಾಕು, ಅವಳು ಬಾಯಿ ಮುಚ್ಚಿ ಹೊಡೆತ ತಿನ್ನುತ್ತಾಳೆ.

ಇಲ್ಲಿ ನಮ್ಮ ಮನೆಗಳ ಒಳಗಿನ ಮಾತೊಂದನ್ನು ನಾವು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಕೊಲ್ಲಿಗೆ ಹೋದ ನಮ್ಮ ಹುಡುಗನ ಪಾಸ್‌ಪೋರ್ಟನ್ನು ಅಲ್ಲಿಯ ಧಣಿ ಕಸಿದುಕೊಂಡು ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡ ಸುದ್ದಿ ಬಂದಾಗ ನಮ್ಮ ರಕ್ತ ಕುದಿಯುತ್ತದೆ. ಇದು ಗುಲಾಮಗಿರಿ ಎನ್ನುತ್ತೇವೆ, ಸರಿಯಾಗಿಯೇ ಹೇಳುತ್ತೇವೆ. ಆದರೆ ಅದೇ ಮನೆಯಲ್ಲಿ ಹೊರದೇಶದ ಸೊಸೆಯ ಪಾಸ್‌ಪೋರ್ಟು ಯಾರ ಕಪಾಟಿನಲ್ಲಿದೆ? "ಹುಡುಗಿ ಹೊಸಬಳು, ಕಳೆದುಹಾಕಿಯಾಳು, ನಾವು ಜೋಪಾನವಾಗಿ ಇಟ್ಟಿದ್ದೇವೆ" ಎಂಬ ಸಮಜಾಯಿಷಿ ಕೊಡುವವರು, ಕೊಲ್ಲಿಯ ಧಣಿಯೂ ಇದೇ ಮಾತನ್ನು ಹೇಳುತ್ತಾನೆಂಬುದನ್ನು ನೆನೆಯಲಿ. ಧಣಿಯ ಪೆಟ್ಟಿಗೆಯ ಬೀಗವೂ ಅತ್ತೆಯ ಕಪಾಟಿನ ಬೀಗವೂ ಒಂದೇ ಕಬ್ಬಿಣದ್ದು. ಸೊಸೆಯ ಪಾಸ್‌ಪೋರ್ಟು, ಮದುವೆಯ ಪ್ರಮಾಣಪತ್ರದ ಅಸಲು ಪ್ರತಿ, ನೋಂದಣಿಯ ಕಾಗದ, ಆಧಾರ್ ಎಲ್ಲವೂ ಅವಳ ಕೈಯಲ್ಲಿರಬೇಕು. ಅವಳ ಹೆಸರಿನಲ್ಲಿ ಬ್ಯಾಂಕಿನ ಖಾತೆಯೊಂದಿರಬೇಕು.

ಇನ್ನು ದೇಶದ ಸುಭದ್ರತೆಯ ಪ್ರಶ್ನೆ. ಗಡಿಯನ್ನು ಕಾಯುವುದು ಬೇಡವೇ, ಯಾರು ಬೇಕಾದರೂ ಮದುವೆಯ ನೆವದಿಂದ ಬರಬಹುದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ತಪ್ಪಲ್ಲ. ಯಾರು ಬಂದರು, ಎಲ್ಲಿದ್ದಾರೆ ಎಂದು ಬರೆದುಕೊಳ್ಳುವುದು ಯಾವ ಸರಕಾರಕ್ಕೂ ಇರುವ ಹಕ್ಕು. ೨೦೨೫ರ ಏಪ್ರಿಲ್ ೨೨ರ ಪಹಲ್ಗಾಮದ ಕೊಲೆಗಳ ಬಳಿಕ ಕೇಂದ್ರ ಸರಕಾರ ಪಾಕಿಸ್ತಾನದವರ ವೀಸಾಗಳನ್ನು ರದ್ದುಮಾಡಿತು. ಆಗ ದೀರ್ಘಾವಧಿ ವೀಸಾ ಪಡೆದವರಿಗೆ ರಿಯಾಯಿತಿ ಸಿಕ್ಕಿತು, ಅಲ್ಪಾವಧಿಯವರು ಹೊರಡಬೇಕಾಯಿತು. ಒಂದು ಕಾಗದ ಸಕಾಲದಲ್ಲಿ ಆಗಿದ್ದುದಕ್ಕೂ ಆಗದಿದ್ದುದಕ್ಕೂ ಇರುವ ಅಂತರ ಅಂದು ಕಾಣಿಸಿತು. ನಮ್ಮ ಉತ್ತರ ಇಷ್ಟೇ: ತನ್ನ ಹೆಸರು, ಫೋಟೋ, ಬೆರಳಚ್ಚು, ಮನೆಯ ವಿಳಾಸ ಎಲ್ಲವನ್ನೂ ತಾನಾಗಿ ತಂದುಕೊಡುವವಳಿಂದ ದೇಶಕ್ಕೆ ಅಪಾಯವಿಲ್ಲ. ಅವಳನ್ನು ಕೌಂಟರಿನಿಂದ ಕೌಂಟರಿಗೆ ಅಲೆಸಿ ದಲ್ಲಾಳಿಯ ಕೈಗೆ ದೂಡಿದರೆ ಅಪಾಯ. ಬಾಗಿಲು ಸಲೀಸಾದಷ್ಟೂ ಪಟ್ಟಿ ನಿಖರವಾಗುತ್ತದೆ. ಅಲ್ಲದೆ ನಮ್ಮ ಸಂವಿಧಾನದ ೨೧ನೆಯ ವಿಧಿ ಜೀವದ ರಕ್ಷಣೆಯನ್ನು ಪ್ರಜೆಗೆ ಮಾತ್ರವಲ್ಲ, ಪ್ರತಿಯೊಬ್ಬ ವ್ಯಕ್ತಿಗೂ ಕೊಟ್ಟಿದೆ. ೨೦೦೦ದಲ್ಲಿ ಬಾಂಗ್ಲಾದೇಶದ ಹೆಂಗಸೊಬ್ಬಳ ಮೇಲಾದ ಅತ್ಯಾಚಾರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಇದನ್ನು ಸ್ಪಷ್ಟಪಡಿಸಿದೆ.

ಆದುದರಿಂದ ಸರಕಾರದ ಮುಂದೆ ನಾವು ಐದು ಬೇಡಿಕೆಗಳನ್ನು ಇಡುತ್ತೇವೆ.

ಒಂದು: ಕಾಪು ತಾಲೂಕು ಕಚೇರಿಯಲ್ಲಿ, ಹಾಗೆಯೇ ಜಿಲ್ಲೆಯ ಬೇರೆ ತಾಲೂಕುಗಳಲ್ಲಿ, ತಿಂಗಳಿಗೊಂದು ಗೊತ್ತಾದ ದಿನ ಮದುವೆಯ ನೋಂದಣಿ, ವಿದೇಶೀಯರ ನೋಂದಣಿ, ಆಧಾರ್ ಈ ಮೂರರ ಅಧಿಕಾರಿಗಳೂ ಒಂದೇ ಕಡೆ ಕೂರಬೇಕು. ಆ ದಿನ ಕಾರ್ಖಾನೆಗಳ ವಾರದ ರಜೆಯ ದಿನವಾಗಿರಬೇಕು. ಜನ ಮೂರು ಕಚೇರಿಗೆ ಅಲೆಯುವುದಕ್ಕಿಂತ ಮೂವರು ಅಧಿಕಾರಿಗಳು ಒಂದು ಕಡೆ ಬರುವುದು ಸುಲಭ.

ಎರಡು: ಯಾವ ಕಾಗದ, ಎಷ್ಟು ಶುಲ್ಕ, ಎಷ್ಟು ದಿನ ಎಂಬುದನ್ನು ಕನ್ನಡದಲ್ಲಿ ಅಚ್ಚುಮಾಡಿ ಪ್ರತಿ ಗ್ರಾಮ ಪಂಚಾಯತಿಯ ಗೋಡೆಗೆ ಅಂಟಿಸಬೇಕು. ಗ್ರಾಮ ಒನ್ ಕೇಂದ್ರಗಳಲ್ಲಿ ಗೊತ್ತುಪಡಿಸಿದ ದರಕ್ಕೆ ಈ ಅರ್ಜಿಗಳನ್ನು ತುಂಬಿಕೊಡುವ ಏರ್ಪಾಟಾಗಬೇಕು.

ಮೂರು: ಅರ್ಜಿ ಕೊಟ್ಟ ಕ್ಷಣ ತಾರೀಖಿನ ರಶೀದಿ ಕೊಡಬೇಕು. ೨೦೧೧ರ ಸಕಾಲ ಕಾಯಿದೆ ನಮ್ಮ ರಾಜ್ಯದಲ್ಲಿದೆ. ತಡವಾದ ಪ್ರತಿ ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿವರೆಗೆ ಪರಿಹಾರವೆಂದು ಅದರಲ್ಲಿದೆ. ರಾಜ್ಯದ ಕೈಯಲ್ಲಿರುವ ಪೊಲೀಸ್ ತನಿಖೆ, ವಾಸದ ದೃಢೀಕರಣ ಮುಂತಾದ ಹಂತಗಳು ಈ ಸೊಸ��ಯಂದಿರ ಮಟ್ಟಿಗೂ ಅಂಥ ಗಡುವಿಗೆ ಒಳಪಡಬೇಕು. ಕಚೇರಿಯ ತಡದಿಂದ ವೀಸಾ ತೀರಿದರೆ ಅದನ್ನು ಅವಳ ತಪ್ಪೆಂದು ಎಣಿಸಬಾರದು.

ನಾಲ್ಕು: ತಾಯಿಯ ವೀಸಾದ ತಾರೀಖು ತಪ್ಪಿದ ಕಾರಣಕ್ಕಾಗಿ, ಭಾರತೀಯ ತಂದೆಗೆ ಭಾರತದಲ್ಲಿ ಹುಟ್ಟಿದ ಮಗುವಿನ ಪೌರತ್ವ ಹೋಗದಂತೆ ಕಾನೂನು ತಿದ್ದಬೇಕು.

ಐದು: ೨೦೦೩ರಲ್ಲಿ ಕಳಚಿದ ಆ ಮಾತನ್ನು ೫ನೆಯ ಕಲಮಿಗೆ ಮರಳಿ ಸೇರಿಸಬೇಕು. ವಿಧವೆಗೂ, ಗಂಡ ಬಿಟ್ಟವಳಿಗೂ ಬಾಗಿಲು ತೆರೆಯಬೇಕು. ಇದನ್ನು ಮಾಡಬೇಕಾದ್ದು ಸಂಸತ್ತು. ಓಟು ಕೇಳಲು ನಮ್ಮ ಮನೆಗೆ ಬರುವವರಿಗೆ ಇದನ್ನು ಕೇಳುವ ಹಕ್ಕು ನಮಗಿದೆ.

ಸರಕಾರ ಮಾಡುವವರೆಗೆ ನಾವು ಸುಮ್ಮನೆ ಕೂರಬೇಕಾದ್ದಿಲ್ಲ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ವೀಸಾ ತೀರುವ ದಿನಕ್ಕೆ ಕೆಂಪು ಗುರುತು ಹಾಕಿ, ಅದಕ್ಕೆ ಎರಡು ತಿಂಗಳು ಮುಂಚಿತವಾಗಿಯೇ ನವೀಕರಣದ ಕೆಲಸ ಹಿಡಿಯಿರಿ. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಎಲ್ಲ ಕಾಗದದಲ್ಲೂ ಅಕ್ಷರಕ್ಕೆ ಅಕ್ಷರ ಹಾಗೆಯೇ ಬರೆಸಿರಿ. ಮದುವೆಯಾದ ಕೂಡಲೇ ಗಂಡನ ಹೆಸರನ್ನೋ ಮನೆತನದ ಹೆಸರನ್ನೋ ಅಂಟಿಸಬೇಕೆಂದು ಯಾವ ಕಾನೂನೂ ಹೇಳಿಲ್ಲ. ಒಂದು ಕಾಗದದಲ್ಲಿ ಅಂಟಿಸಿ ಇನ್ನೊಂದರಲ್ಲಿ ಬಿಟ್ಟವರು ವರ್ಷಗಟ್ಟಲೆ ಅಫಿಡವಿಟ್ ಮಾಡಿಸುತ್ತ ಕೂರಬೇಕಾಗುತ್ತದೆ. ಎಲ್ಲದರ ಎರಡು ಪ್ರತಿ ತೆಗೆಸಿ, ಒಂದನ್ನು ನಂಬಿಕೆಯ ಬೇರೆ ಮನೆಯಲ್ಲಿ ಇಡಿರಿ. ತೊಡಕು ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಿರಿ. ೧೯೮೭ರ ಕಾಯಿದೆಯಂತೆ ಹೆಂಗಸರಿಗೆ, ಅವರ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಅಲ್ಲಿ ಉಚಿತ. ನಿಮ್ಮ ಸಂಘದಲ್ಲಿ ಇಂಗ್ಲಿಷು ಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ, ವಾರಕ್ಕೊಂದು ಸಂಜೆ ಸಂಘದ ಕೋಣೆಯಲ್ಲಿ ಕೂತು ಇಂಥ ಅರ್ಜಿಗಳನ್ನು ತುಂಬಿಕೊಡಲಿ. ಬೀಡಿಯ ಗುರುತಿನ ಚೀಟಿಗೆ, ಪಿಂಚಣಿಯ ಅರ್ಜಿಗೆ ಹೀಗೆಯೇ ಒಬ್ಬರಿಗೊಬ್ಬರು ಕೈಕೊಟ್ಟ ಜನ ನಾವು.

ನಮ್ಮ ಮಗಳು ಕಡಲಾಚೆ ಸೊಸೆಯಾಗಿ ಹೋದಾಗ ಅಲ್ಲಿಯ ಜನ ಅವಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ನಾವು ಬಯಸುತ್ತೇವೆಯೋ, ಇಲ್ಲಿಗೆ ಬಂದವಳನ್ನು ಹಾಗೆಯೇ ನಡೆಸಿಕೊಳ್ಳುವುದು ನಮ್ಮ ಮರ್ಯಾದೆ. ಇಂದೇ ಕಪಾಟು ತೆರೆದು ಅವಳ ಕಾಗದಗಳನ್ನು ಅವಳ ಕೈಗೆ ಕೊಡಿರಿ. ತಾರೀಖುಗಳನ್ನು ಓದಿ ಹೇಳಿರಿ. ಬರುವ ಗ್ರಾಮಸಭೆಯಲ್ಲಿ ಈ ಐದು ಬೇಡಿಕೆಗಳನ್ನು ಎದ್ದು ನಿಂತು ಓದಿರಿ. ಬೀಗ ಸರಕಾರದ್ದಿರಲಿ, ಮನೆಯದಿರಲಿ, ಅದು ತೆರೆಯಬೇಕು.